ಅಪ್ಪನಿಗೆ ಕೊಲೊನೋಸ್ಕೋಪಿ ಇದೆ, ಪುಡಿ ಕುಡಿಸೋದು ಹೇಗೆ?

ಹಾಸನದವಳು:
ಮುಂದಿನ ಗುರುವಾರ ಬೆಳಿಗ್ಗೆ 11ಕ್ಕೆ ಪರೀಕ್ಷೆ, ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡ್ತಾರಂತೆ. ಹೊಟ್ಟೆ ಖಾಲಿ ಮಾಡಿಸೋ 137 ಗ್ರಾಂ ಪುಡಿಯ ಪ್ಯಾಕೆಟ್ ಕೊಟ್ಟು 2 ಲೀಟರ್ ನೀರಲ್ಲಿ ಬೆರೆಸಿ ಕುಡಿಸಿ ಅಂದರು, ಅಷ್ಟೇ. ಅಪ್ಪನಿಗೆ ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು ಆಗಬೇಕು. ಶುಗರ್ ಮಾತ್ರೆ, ಐರನ್ ಮಾತ್ರೆ ಎರಡೂ ನಡೀತಿವೆ. ಏನು ತಿನ್ನಿಸಬಹುದು? ಹೊಟ್ಟೆ ಪೂರ್ತಿ ಖಾಲಿ ಆಯ್ತು ಅಂತ ತಿಳಿಯೋದು ಹೇಗೆ?

ಕರುಳುಬಳ್ಳಿ:
ಸೋಮವಾರದಿಂದಲೇ ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು, ಟೊಮೆಟೊ ಬಿಡಿಸಿ. ನಾರು, ಬೀಜ ಕರುಳಲ್ಲಿ ಉಳಿದು ಆ ಕೊಳವೆಯ (ಸ್ಕೋಪಿನ) ನೀರು ಹೀರುವ ದಾರಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ. ಬಿಳಿ ಅನ್ನ, ಮೊಸರು, ಇಡ್ಲಿ ಕೊಡಿ. ಬುಧವಾರ ಬೆಳಿಗ್ಗೆ ಎರಡು ಇಡ್ಲಿ ಆದಮೇಲೆ ಗಟ್ಟಿ ಆಹಾರ ಬೇಡ. ಎಳನೀರು, ಸೋಸಿದ ತಿಳಿಸಾರು, ಹಾಲು ಹಾಕದ ಟೀ ಸಾಕು. ಹಾಲು, ಮಜ್ಜಿಗೆ ಆಗಲ್ಲ. ಕೆಂಪು ಶರಬತ್ತೂ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ. ಐರನ್ ಮಾತ್ರೆಯಿಂದ ಮಲ ಕಪ್ಪಾಗಿ ಕರುಳಿಗೆ ಅಂಟುತ್ತೆ. ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸುತ್ತಾರೆ, ಇವತ್ತೇ ಡಾಕ್ಟರನ್ನು ಕೇಳಿ.

ವಾರ್ಡ್ ಸಿಸ್ಟರ್:
ಎರಡು ಲೀಟರನ್ನೂ ರಾತ್ರಿಯೇ ಕುಡಿಸಿ ಮುಗಿಸುವುದೇ ಹೆಚ್ಚಾಗಿ ಆಗುವ ತಪ್ಪು. ರಾತ್ರಿಯಿಡೀ ಸಣ್ಣ ಕರುಳಿನ ರಸ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತೆ. ಅದರಡಿ ಚಪ್ಪಟೆ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಡ್ಡೆ) ಇದ್ದರೆ ಕಾಣೋದೇ ಇಲ್ಲ. ಆಸ್ಪತ್ರೆಯವರು ಒಪ್ಪಿದರೆ ಹೀಗೆ ಮಾಡಿ: ಪುಡಿ ಪೂರ್ತಿ ಬೆರೆಸಿ ಫ್ರಿಜ್ಜಿನಲ್ಲಿಡಿ, ತಣ್ಣಗಿದ್ದರೆ ಉಪ್ಪುರುಚಿ ಅಷ್ಟು ಬಾಧಿಸಲ್ಲ. ಬುಧವಾರ ಸಂಜೆ 7ಕ್ಕೆ 1 ಲೀಟರ್, ಗುರುವಾರ ಬೆಳಿಗ್ಗೆ 5ಕ್ಕೆ ಉಳಿದ 1 ಲೀಟರ್. 250 ಎಂಎಲ್ ಲೋಟ, 15 ನಿಮಿಷಕ್ಕೊಂದು. ವಾಂತಿ ಬಂದರೆ ಅರ್ಧ ಗಂಟೆ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. ಸಕ್ಕರೆ ಬೆರೆಸಬೇಡಿ. ಕೊನೆಗೆ ಮೂತ್ರದ ಹಾಗೆ ತಿಳಿ ಹಳದಿ ನೀರು ಹೋಗಬೇಕು. ಕಂದು ಬಣ್ಣ, ಚೂರು ಕಂಡರೆ ಮುಚ್ಚಿಡದೆ ಅಲ್ಲಿನ ಸಿಸ್ಟರ್‌ಗೆ ಮೊದಲೇ ಹೇಳಿ. ಎಷ್ಟು ಹೊತ್ತಿನಿಂದ ನೀರೂ ನಿಲ್ಲಿಸಬೇಕು ಅನ್ನೋದನ್ನು ಅವರಿಂದಲೇ ಬರೆಸಿಕೊಳ್ಳಿ.

ಹಾಸನದವಳು:
ಶುಗರ್ ಮಾತ್ರೆ?

ವಾರ್ಡ್ ಸಿಸ್ಟರ್:
ಚೀಟಿ ತೋರಿಸಿ ಕೇಳಿ. ಊಟವಿಲ್ಲದ ದಿನ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಂಡರೆ ಶುಗರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ಇದ್ದರೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆಯನ್ನು ಬೇರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ.

ಕರುಳುಬಳ್ಳಿ:
ಪರೀಕ್ಷೆಗೆ ಮಂಪರಿನ ಇಂಜೆಕ್ಷನ್ ಕೊಟ್ಟರೆ 24 ಗಂಟೆ ಸ್ಕೂಟರ್ ಮುಟ್ಟಿಸಬೇಡಿ. ಹೊಟ್ಟೆಯುಬ್ಬರ ಗಾಳಿ ಹೋದಮೇಲೆ ಇಳಿಯುತ್ತೆ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರಬಹುದು. ತುಂಬಾ ರಕ್ತ ಹೋದರೆ, ಜ್ವರ ಬಂದರೆ, ಹೊಟ್ಟೆ ಕಲ್ಲಿನಂತಾಗಿ ನೋವು ಏರುತ್ತಿದ್ದರೆ ನೇರವಾಗಿ ಎಮರ್ಜೆನ್ಸಿಗೆ ಕರೆದೊಯ್ಯಿರಿ.