ಲೇಸರ್ ಕೆಲಸದ ಪ್ರಶ್ನೋತ್ತರ: ಇವತ್ತು ರಾಘು ಸರ್ ಜೊತೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಫ್ಯಾಬ್ರಿಕೇಶನ್, ಬೋರ್ಡ್ ಕೆಲಸ, ಎನ್‌ಗ್ರೇವಿಂಗ್ ಮಾಡುವ ನಮ್ಮ ಬಳಗಕ್ಕೆ ರಾಘು ಸರ್ ಬಂದಿದ್ದಾರೆ. ಪೀಣ್ಯದಲ್ಲಿ ಲೇಸರ್ ಮಷೀನ್ ಕೂರಿಸುವುದು, ಸರ್ವಿಸ್ ಮಾಡುವುದು ಅವರ ಕೆಲಸ. ರಾತ್ರಿ 7ರಿಂದ 9ರವರೆಗೆ ಕೇಳಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಮಂಜುನಾಥ್: ನಮಸ್ತೆ ಸರ್. ಹ್ಯಾಂಡ್ ವೆಲ್ಡಿಂಗ್ ಗನ್ನಿನ ಪ್ರೊಟೆಕ್ಷನ್ ಲೆನ್ಸ್ ಪದೇ ಪದೇ ಸುಟ್ಟು ಹೋಗುತ್ತಿದೆ. ಲೆನ್ಸ್ ಡೂಪ್ಲಿಕೇಟಾ?

ರಾಘು: ನಮಸ್ತೆ. ಲೆನ್ಸನ್ನು ಬೈಯುವ ಮೊದಲು ಗಾಳಿ ನೋಡಿ. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬಂದರೆ ಲೆನ್ಸ್ ಮೇಲೆ ಕೂತು ಸುಡುತ್ತದೆ. ಲೇಸರ್ ಆಫ್ ಮಾಡಿ, ಗಾಳಿ ಪೈಪ್ ಬಿಚ್ಚಿ, ಬಿಳಿ ಟಿಶ್ಯೂ ಮೇಲೆ ಸ್ವಲ್ಪ ಹೊತ್ತು ಊದಿಸಿ. ಕಲೆ ಬಿದ್ದರೆ ಡ್ರೈಯರ್, ಫಿಲ್ಟರ್ ಹಾಕಿಸಿ. ಲೆನ್ಸ್ ಬದಲಿಸುವಾಗ ಫ್ಯಾನ್ ನಿಲ್ಲಿಸಿ. ಗಾಜಿಗೆ ಬೆರಳು ತಾಗಿಸಬೇಡಿ.

ಕಿರಣ್: ಫೈಬರ್ ಮಷೀನಿನಲ್ಲಿ ಅಕ್ರಿಲಿಕ್ ಕಟ್ ಆಗುತ್ತಾ ಸರ್?

ರಾಘು: ಆಗುವುದಿಲ್ಲ. ಫೈಬರ್ ಲೇಸರಿನ ತರಂಗಾಂತರ ಸುಮಾರು 1 ಮೈಕ್ರಾನ್, ಅಂದರೆ 1000 ನ್ಯಾನೋಮೀಟರ್. ಪಾರದರ್ಶಕ ಅಕ್ರಿಲಿಕ್ ಅದನ್ನು ಹೀರಿಕೊಳ್ಳದೆ ಆಚೆ ಬಿಟ್ಟುಬಿಡುತ್ತದೆ. ಸಿಒ2 ಲೇಸರ್ 10.6 ಮೈಕ್ರಾನ್. ಅಕ್ರಿಲಿಕ್‌ಗೆ ಅದೇ ಬೇಕು.

ಬಸವರಾಜ್ (ತುಮಕೂರು): ಸರ್, ನಮ್ಮ ಶೆಡ್ಡಿನ ಹುಡುಗ ಸೋಮವಾರ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗ್ ವೆಲ್ಡ್ ಮಾಡುತ್ತಿದ್ದ. ಲೇಸರ್ ಮಷೀನ್, 1.5 ಕಿಲೋವ್ಯಾಟ್. ಏನೋ ಫಳ್ ಅಂತು ಅಂದ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಆದರೆ ಬಲಗಣ್ಣಲ್ಲಿ ನಡುವೆ ಕಪ್ಪು ಚುಕ್ಕೆ ಇದೆ ಅಂತಾನೆ. ಇವತ್ತು ಗುರುವಾರ, ಇನ್ನೂ ಹೋಗಿಲ್ಲ. ಯಾವ ಡ್ರಾಪ್ಸ್ ಹಾಕಬೇಕು?

ಶಂಕರಣ್ಣ: ಅಯ್ಯೋ ಇದು ಮಾಮೂಲಿ ಕಣ್ರಿ. ಆಲೂಗಡ್ಡೆ ಬಿಲ್ಲೆ ಕಟ್ಟಿ ಮಲಗಿಸಿ, ಬೆಳಿಗ್ಗೆಗೆ ಸರಿ.

ಲೋಕೇಶ್: ಫಾರ್ವರ್ಡೆಡ್: ವೆಲ್ಡಿಂಗ್ ಕಣ್ಣಿಗೆ ಎದೆಹಾಲು ಎರಡು ಹನಿ, ಹರಳೆಣ್ಣೆ ಒಂದು ಹನಿ. ಎಲ್ಲ ಕೆಲಸಗಾರರಿಗೂ ತಲುಪಿಸಿ 🙏

ರಾಘು: ಬಸವರಾಜ್, ಮಿಕ್ಕಿದ್ದೆಲ್ಲ ಬಿಟ್ಟು ಇದನ್ನು ಓದಿ. ಯಾವ ಡ್ರಾಪ್ಸೂ ಬೇಡ, ಆಲೂಗಡ್ಡೆಯೂ ಬೇಡ. ನಾಳೆ ಬೆಳಿಗ್ಗೆ ಓಪಿಡಿ ತೆರೆಯುವ ಹೊತ್ತಿಗೆ ಹುಡುಗ ರೆಟಿನಾ (ಕಣ್ಣಿನ ಒಳಗಿನ ಪರದೆ) ನೋಡುವ ಡಾಕ್ಟರ ಮುಂದೆ ಇರಬೇಕು. ಕನ್ನಡಕದ ಅಂಗಡಿ ಸಾಲದು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ನಿಮಗೆ ದೂರವಲ್ಲ. ಓಸಿಟಿ ಅಂತ ಒಂದು ಸ್ಕ್ಯಾನ್ ಇದೆ, ಅದರಲ್ಲಿ ರೆಟಿನಾದ ಪದರಗಳು ಕಾಣುತ್ತವೆ.

ಶಂಕರಣ್ಣ ಹೇಳುವುದು ಮಾಮೂಲಿ ಕರೆಂಟ್ ವೆಲ್ಡಿಂಗಿನ ಆರ್ಕ್ ಹೊಡೆತ. ಅದು ಅಲ್ಟ್ರಾವೈಲೆಟ್. ಕಣ್ಣಿನ ಮುಂಭಾಗದ ಕಾರ್ನಿಯಾ ಸುಡುತ್ತದೆ. ಕೆಲವು ಗಂಟೆ ಬಿಟ್ಟು ಮರಳು ಹಾಕಿದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಮಾತ್ರ ಆಲೂಗಡ್ಡೆಗೆ ಬರುತ್ತದೆ.

ಲೇಸರ್ ಹಾಗಲ್ಲ. ನಿಮ್ಮ ಮಷೀನಿನ ಕಿರಣದ ತರಂಗಾಂತರ ಸುಮಾರು 1070-1080 ನ್ಯಾನೋಮೀಟರ್. ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ರೆಪ್ಪೆ ಮುಚ್ಚುವುದಿಲ್ಲ. 400ರಿಂದ 1400 ನ್ಯಾನೋಮೀಟರ್‌ವರೆಗಿನ ಬೆಳಕು ಕಾರ್ನಿಯಾ ದಾಟಿ ಒಳಗೆ ಹೋಗುತ್ತದೆ. ಭೂತಗನ್ನಡಿ ಬಿಸಿಲನ್ನು ಕಾಗದದ ಮೇಲೆ ಹಿಡಿದ ಹಾಗೆ ಕಣ್ಣೇ ಅದನ್ನು ರೆಟಿನಾ ಮೇಲೆ ಕೂಡಿಸುತ್ತದೆ. ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಏರುತ್ತದೆ. ರೆಟಿನಾಗೆ ನೋವು ತಿಳಿಯುವುದಿಲ್ಲ. ನೋವಿಲ್ಲ ಅಂತ ನೀವು ಸಮಾಧಾನ ಪಡುತ್ತಿದ್ದೀರಿ, ನನಗೆ ಅದನ್ನು ಕೇಳಿಯೇ ಹೆದರಿಕೆ ಆಗಿದ್ದು.

ಈಗಲೇ ಒಂದು ಕೆಲಸ ಮಾಡಿ. ಚೌಕಳಿ ಲೆಕ್ಕದ ಪುಸ್ತಕ ಕೊಡಿ. ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಗೆರೆ ಸೊಟ್ಟಗಾಗಿದೆಯಾ, ಎಲ್ಲಾದರೂ ಅಳಿಸಿ ಹೋಗಿದೆಯಾ? ಎಲ್ಲವೂ ನೆಟ್ಟಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಆಮೇಲೆ ಎರಡು ವಿಷಯ ಹೇಳಿ. ಯಾವ ಕನ್ನಡಕ ಹಾಕಿದ್ದ? ಸೇಫ್ಟಿ ಕ್ಲ್ಯಾಂಪ್ ಎಲ್ಲಿ ಕಚ್ಚಿಸಿದ್ದ?

ಶಂಕರಣ್ಣ: ಮೂವತ್ತು ವರ್ಷ ಆರ್ಕ್ ಹಿಡಿದವನು ನಾನು. ಓದಿದವರು ಹೆದರಿಸುವುದು ಜಾಸ್ತಿ.

ರಫೀಕ್: ಅಣ್ಣಾ, ನೀವು ಹಿಡಿದಿದ್ದು ಆರ್ಕ್, ಲೇಸರ್ ಅಲ್ಲ. ಅದನ್ನೇ ಅಲ್ವಾ ಸರ್ ಹೇಳಿದ್ದು?

ಶಂಕರಣ್ಣ: ನೀನು ಹುಟ್ಟುವ ಮೊದಲೇ ಟಿಗ್ ವೆಲ್ಡಿಂಗ್ ಮಾಡಿದ್ದೇನೆ ತಮ್ಮಾ. ಲೇಸರ್ ಜಾಯಿಂಟ್ ತೆಳು ಶೀಟಿಗೆ ಸರಿ, ಗೇಟಿಗೆ ನಿಲ್ಲಲ್ಲ.

ರಫೀಕ್: ಗೇಟಿನ ಮಾತು ಯಾರು ಎತ್ತಿದರು ಇಲ್ಲಿ?

ಸುಜಾತಾ (ಚನ್ನಪಟ್ಟಣ): ಸರ್, ನಮ್ಮದು ಬಣ್ಣದ ಮರದ ಗೊಂಬೆ. ಅರಗು ಹಾಕಿದ ಮೇಲೆ ಸಣ್ಣ ಸಿಒ2 ಮಷೀನಿನಲ್ಲಿ ಹೆಸರು ಬರೆಸಿದರೆ ಅಂಚು ಕರಗಿ ಹರಡುತ್ತದೆ. ಯಾಕೆ?

ರಾಘು: ಒಳ್ಳೆಯ ಪ್ರಶ್ನೆ ಮೇಡಂ. ಅರಗು ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ, ಮರ ಹಾಗಲ್ಲ. ಅಕ್ಷರ ಸುಡುವಷ್ಟು ಶಾಖ ಕೊಟ್ಟರೆ ಪಕ್ಕದ ಅರಗೂ ಕರಗುತ್ತದೆ. ಪವರ್ ಇಳಿಸಿ, ಸ್ಪೀಡ್ ಏರಿಸಿ, ಗಾಳಿ ಊದುವ ಏರ್ ಅಸಿಸ್ಟ್ ಇಡಿ. ಒಂದೇ ಸಲ ಆಳಕ್ಕೆ ಹೋಗದೆ ಎರಡು ಪಾಸ್ ಕೊಡಿ. ಇನ್ನೂ ಚೆನ್ನಾಗಿ ಬೇಕಾದರೆ ಹೆಸರು ಬರುವ ಜಾಗಕ್ಕೆ ಅರಗು ಹಾಕದೆ ಆಲೆ ಮರವನ್ನೇ ಬರಿದಾಗಿ ಬಿಡಿ. ಬಿಳಿ ಮರದ ಮೇಲೆ ಕಂದು ಅಕ್ಷರ ಚೊಕ್ಕವಾಗಿ ಏಳುತ್ತದೆ. ಗುಂಡನೆಯ ಗೊಂಬೆಯನ್ನು ತಿರುಗಿಸುವ ರೋಟರಿ ಇದೆಯಾ? ಇಲ್ಲದಿದ್ದರೆ ಅಂಚಿನಲ್ಲಿ ಫೋಕಸ್ ತಪ್ಪುತ್ತದೆ. ಫೋಟೋ ಕಳಿಸಿ, ನನಗೂ ನೋಡುವ ಆಸೆ.

ದೀಪಕ್: ಫೈಬರ್‌ನಲ್ಲಿ ಅಕ್ರಿಲಿಕ್ ಕಟ್ ಮಾಡಬಹುದಾ?

ರಾಘು: ಇಲ್ಲ. ಮೇಲೆ ಹೇಳಿದ್ದೇನೆ.

ಪರಶುರಾಮ್: ರೆಕ್ಸಿನ್ ಸಿಒ2ನಲ್ಲಿ ಚೆನ್ನಾಗಿ ಕಟ್ ಆಗುತ್ತಿದೆ. ವಾಸನೆ ಮಾತ್ರ ಜಾಸ್ತಿ.

ರಾಘು: ನಿಲ್ಲಿಸಿ. ಅದು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮಷೀನಿನ ರೈಲಿಗೂ ತುಕ್ಕು.

ಲೋಕೇಶ್: ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನ ಹೊಗೆಗೆ ಬೆಲ್ಲ, ಹಾಲು ಒಳ್ಳೆಯದು. ಫಾರ್ವರ್ಡ್ ಅಲ್ಲ, ನಮ್ಮ ತಾತ ಹೇಳಿದ್ದು.

ರಾಘು: ಬೆಲ್ಲ ಕಾಫಿಗೆ ಹಾಕಿ. ಹೊಗೆಗೆ ಎಕ್ಸಾಸ್ಟ್ ಹಾಕಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದವರಿಗೂ ಬರುತ್ತದೆ.

ಅನುಷಾ: ಸರ್, ನಾನು ಬಿಎಸ್ಸಿ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2022ರ ಡಿಸೆಂಬರಿನಲ್ಲಿ 192 ಲೇಸರ್ ಕಿರಣ ಹಾಯಿಸಿದಾಗ ಕೊಟ್ಟಿದ್ದಕ್ಕಿಂತ ಜಾಸ್ತಿ ಶಕ್ತಿ ಬಂತಲ್ಲ, ಆ ಲೇಸರ್ ಫ್ಯೂಷನ್ನಿನಲ್ಲಿ (ಲೇಸರಿನಿಂದ ಪರಮಾಣು ಬೀಜಗಳನ್ನು ಬೆಸೆಯುವುದು) ಕೆಲಸ ಮಾಡಲು ಮುಂದೆ ಏನು ಓದಬೇಕು?

ಕಿರಣ್: ಇನ್ನು ಕರೆಂಟ್ ಪುಕ್ಕಟೆ 😄

ರಫೀಕ್: ಪುಕ್ಕಟೆ ಎಲ್ಲಿ? ಗುರಿಗೆ ಬಿದ್ದ ಲೇಸರ್ 2.05 ಮೆಗಾಜೂಲ್, ಬಂದದ್ದು 3.15. ಆ ಲೇಸರ್ ಹಚ್ಚಲು ಗೋಡೆಯಿಂದ ಎಳೆದದ್ದು ಸುಮಾರು 300.

ಶಂಕರಣ್ಣ: ಎಲ್ಲಾ ಗೊತ್ತು ಇವನಿಗೆ.

ರಫೀಕ್: ಓದಿಕೊಂಡಿದ್ದೇನೆ ಅಣ್ಣಾ. ನೀವೂ ಓದಬಹುದು.

ಅಡ್ಮಿನ್: ಇಬ್ಬರೂ ಸಾಕು.

ಬಸವರಾಜ್ (ತುಮಕೂರು): ಸರ್, ಗೆರೆ ನಡುವೆ ಬಾಗಿದ ಹಾಗೆ ಕಾಣುತ್ತದಂತೆ. ಹಾಕಿದ್ದು ಮಾಮೂಲಿ ವೆಲ್ಡಿಂಗ್ ಕಪ್ಪು ಗಾಜು. ಕ್ಲ್ಯಾಂಪ್ ಗನ್ನಿನ ಮೂತಿಗೇ ಕಚ್ಚಿಸಿದ್ವಿ, ಕೆಲಸ ಬೇಗ ಆಗುತ್ತೆ ಅಂತ. ಶನಿವಾರ ಡೆಲಿವರಿ ಇದೆ, ಸೋಮವಾರ ಕರೆದುಕೊಂಡು ಹೋದರೆ ಆಗುತ್ತಾ? ಡಾಕ್ಟರಿಗೆ ಹೇಳಿದರೆ ಕೇಸ್ ಆಗುತ್ತಾ?

ರಾಘು: ಅಷ್ಟು ದಿನ ಕಾದರೆ ಆಗುವುದಿಲ್ಲ. ಸೋಮವಾರ ಅನ್ನುವ ಮಾತೇ ಬೇಡ. ನಿಮ್ಮ ರೇಲಿಂಗ್ ಕಾಯಲಿ, ಹುಡುಗನಿಗೆ ಇರುವುದು ಎರಡೇ ಕಣ್ಣು. ಕೇಸಿನ ಚಿಂತೆ ಆಮೇಲೆ ನಿಮಗೆ ಬಿಟ್ಟದ್ದು, ಡಾಕ್ಟರ ಹತ್ತಿರ ಸುಳ್ಳು ಹೇಳಿಸಬೇಡಿ.

ಆ ಕ್ಲ್ಯಾಂಪ್ ಇರುವುದು ಮೂತಿ ಕೆಲಸಕ್ಕೆ ತಾಗಿದಾಗ ಮಾತ್ರ ಕಿರಣ ಬರಲಿ ಅಂತ. ಅದನ್ನು ಮೂತಿಗೇ ಕಚ್ಚಿಸಿದರೆ ಗಾಳಿಯಲ್ಲಿ ಟ್ರಿಗರ್ ಒತ್ತಿದರೂ ಹಾರುತ್ತದೆ. ಎದುರಿಗೆ ಪಾಲಿಶ್ ಮಾಡಿದ ಎಸ್ಎಸ್ ಪೈಪ್ ಬೇರೆ. ಎಲ್ಲಿಗೆ ತಿರುಗಿ ಹೊಡೆಯುತ್ತದೆ ಅಂತ ಯಾರೂ ಹೇಳಲಾರರು. ಹುಡುಗ ಇಲ್ಲದಿದ್ದರೇನು ಅಂತ ಬೇರೆಯವನ ಕೈಗೆ ಗನ್ ಕೊಡಬೇಡಿ. ಮಷೀನ್ ನಿಲ್ಲಿಸಿ.

ಲೋಕೇಶ್: ಸರ್ ಸ್ವಲ್ಪ ಮೃದುವಾಗಿ ಹೇಳಬಹುದಿತ್ತು.

ರಾಘು: ಎದೆಹಾಲು ಹಾಕಿ ಅಂದವರು ನೀವೇ ಅಲ್ವಾ?

ವಿನಯ್: ಮಷೀನ್ ಜೊತೆ ಬಂದ ಹಸಿರು ಕನ್ನಡಕ ಸಾಕಾ?

ರಾಘು: ಬಣ್ಣ ನೋಡಬೇಡಿ, ಅಕ್ಷರ ನೋಡಿ. ನಿಮ್ಮ ಲೇಸರಿನ ನ್ಯಾನೋಮೀಟರ್ ಅದರ ಮೇಲೆ ಬರೆದ ವ್ಯಾಪ್ತಿಯೊಳಗೆ ಇರಬೇಕು, ಪಕ್ಕದಲ್ಲಿ ಓಡಿ (ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಎಷ್ಟು ಅಂತಲೂ ಇರಬೇಕು. ಓಡಿ 6 ಅಂದರೆ 10 ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಎಷ್ಟು ಓಡಿ ಬೇಕು ಅನ್ನುವುದು ಮಷೀನಿನ ಕೈಪಿಡಿಯಲ್ಲಿ ಇರುತ್ತದೆ. ಏನೂ ಬರೆದಿಲ್ಲದಿದ್ದರೆ ಬಿಸಾಡಿ. ವೆಲ್ಡಿಂಗ್ ಗಾಜಿನ ಶೇಡ್ ನಂಬರ್ ಬೇರೆ, ಇದು ಬೇರೆ. ಪಕ್ಕದಲ್ಲಿ ಗ್ರೈಂಡಿಂಗ್ ಮಾಡುವವನಿಗೂ ಬೇಕು.

ಜಗದೀಶ್: ಸೆಕೆಂಡ್ ಹ್ಯಾಂಡ್ 3 ಕಿಲೋವ್ಯಾಟ್ ಕಟಿಂಗ್ ಮಷೀನ್ ಯಾರ ಹತ್ರ ಇದೆ? ರೇಟ್ ಹೇಳಿ.

ದೀಪಕ್: ಸರ್ ಬಣ್ಣದ ಅಕ್ರಿಲಿಕ್ ಆದ್ರೂ ಫೈಬರ್‌ನಲ್ಲಿ?

ರಾಘು: ಬಸವರಾಜ್, ಇದನ್ನು ಚೀಟಿಯಲ್ಲಿ ಬರೆದು ಹುಡುಗನ ಜೇಬಿಗೆ ಹಾಕಿ: "ಫೈಬರ್ ಲೇಸರ್ ವೆಲ್ಡಿಂಗ್, 1.5 ಕಿಲೋವ್ಯಾಟ್, ಸುಮಾರು 1080 ನ್ಯಾನೋಮೀಟರ್. ಸೋಮವಾರ ಆದದ್ದು. ಬಲಗಣ್ಣು." ಎಷ್ಟು ಗಂಟೆಗೆ ಆಯಿತು ಅಂತಲೂ ಸೇರಿಸಿ. ಒಬ್ಬನನ್ನೇ ಕಳಿಸಬೇಡಿ, ರೆಪ್ಪೆಯೊಳಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸುತ್ತಾರೆ, ವಾಪಸ್ ಬರುವಾಗ ಮಂಜಾಗಿ ಕಾಣುತ್ತದೆ. ಯಾವ ಬಸ್ಸಿಗೆ ಹೊರಡುತ್ತೀರಿ ಅಂತ ಇಲ್ಲೇ ಹಾಕಿ.