ವಿಂಡೋಸ್‌ನಿಂದ ಮ್ಯಾಕ್‌ಗೆ ಬಂದ ಮೇಲೆ ಫೋಟೋಶಾಪ್, ಲೈಟ್‌ರೂಮ್ ಕೈಗೆ ಹತ್ತುತ್ತಿಲ್ಲ

ಪ್ರಶ್ನೆ

ಫೋಟೋಶಾಪ್, ಲೈಟ್‌ರೂಮ್ ಕ್ಲಾಸಿಕ್ ಎರಡೂ ಈಗ ಮ್ಯಾಕ್‌ನಲ್ಲಿವೆ. ಮೆನುಗಳು ಹೆಚ್ಚುಕಡಿಮೆ ಮೊದಲಿನಂತೆಯೇ ಇವೆ, ತೊಡಕಿರುವುದು ಬೇರೆ ಕಡೆ. ಆಲ್ಟ್ ಹಿಡಿದು ರೈಟ್ ಬಟನ್‌ನಲ್ಲಿ ಎಳೆದರೆ ಬ್ರಷ್ ಗಾತ್ರ ಬದಲಾಗುತ್ತಿತ್ತು, ಈಗ ಆಗುತ್ತಿಲ್ಲ. ಝೂಮ್ ಮಾಡಲು ಹೋದರೆ ಮ್ಯಾಕ್‌ನ ಹುಡುಕಾಟದ ಪೆಟ್ಟಿಗೆ ಸ್ಪಾಟ್‌ಲೈಟ್ ತೆರೆದುಕೊಳ್ಳುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವ ಲೈಟ್‌ರೂಮ್‌ನ ಹಳೆಯ ಕ್ಯಾಟಲಾಗ್ (ಚಿತ್ರಗಳ ಜಾಗ, ತಿದ್ದುಪಡಿಗಳ ದಾಖಲೆ) ತೆರೆಯುವುದೇ ಇಲ್ಲ. ಎಕ್ಸ್‌ಪೋರ್ಟ್ ಮಾಡಿದ ಚಿತ್ರ ಬೇರೆ ಸ್ಕ್ರೀನ್‌ಗಳಲ್ಲಿ ಮಂಕಾಗಿ ಕಾಣುತ್ತದೆ. ಕಂಟ್ರೋಲ್, ಕಮಾಂಡ್ ಕೀಗಳನ್ನು ಅದಲುಬದಲು ಮಾಡಿಬಿಡಲೇ?

ಉತ್ತರ 1

ಅದಲುಬದಲು ಮಾಡಬೇಡಿ. ಫೋಟೋಶಾಪ್ ಒಂದಕ್ಕೆ ಅನುಕೂಲವಾದೀತು, ಆದರೆ ಕಮಾಂಡ್‌-ಟ್ಯಾಬ್‌ನಿಂದ ಹಿಡಿದು ಉಳಿದೆಲ್ಲ ಕಡೆ ಕೈ ತಪ್ಪುತ್ತದೆ. ಕಂಟ್ರೋಲ್ ಇದ್ದಲ್ಲಿ ಕಮಾಂಡ್, ಆಲ್ಟ್ ಇದ್ದಲ್ಲಿ ಆಪ್ಷನ್, ಇಷ್ಟೇ ಸೂತ್ರ. ಕಿರುಬೆರಳಿನ ಕೆಲಸ ಹೆಬ್ಬೆರಳಿಗೆ ಬರುತ್ತದೆ. ಕೆಲವು ದಿನ ಕಿರಿಕಿರಿ, ಆಮೇಲೆ ಕೈಗೆ ಅದೇ ಹಿತ.

ಸೂತ್ರ ಮುರಿಯುವ ಜಾಗಗಳೇ ನಿಮ್ಮನ್ನು ಕಾಡುತ್ತಿರುವುದು. ಬ್ರಷ್‌ಗೆ ಕಂಟ್ರೋಲ್ ಮತ್ತು ಆಪ್ಷನ್ ಎರಡನ್ನೂ ಹಿಡಿದು ಸಾಮಾನ್ಯ ಕ್ಲಿಕ್‌ನಲ್ಲಿ ಎಳೆಯಿರಿ: ಅಡ್ಡಕ್ಕೆ ಗಾತ್ರ, ಮೇಲೆ-ಕೆಳಗೆ ಅಂಚಿನ ಗಡಸುತನ. ಝೂಮ್‌ಗೆ ಮೊದಲು ಸ್ಪೇಸ್ ಒತ್ತಿ ಹಿಡಿದು, ಬಿಡದೆ ಕಮಾಂಡ್ ಸೇರಿಸಿ. ಕಮಾಂಡ್ ಮೊದಲು ಬಿದ್ದರೆ ಅದು ಸ್ಪಾಟ್‌ಲೈಟ್‌ನ ಶಾರ್ಟ್‌ಕಟ್ ಆಗುತ್ತದೆ, ಫೋಟೋಶಾಪ್‌ವರೆಗೆ ತಲುಪುವುದೇ ಇಲ್ಲ.

ವಿಂಡೋಸ್ ಕೀಬೋರ್ಡನ್ನೇ ಬಳಸುತ್ತಿದ್ದರೆ ಮಾತು ಬೇರೆ. ಅದರಲ್ಲಿ ವಿಂಡೋಸ್ ಕೀ ಕಮಾಂಡ್ ಆಗಿ, ಆಲ್ಟ್ ಆಪ್ಷನ್ ಆಗಿ ಕೆಲಸ ಮಾಡುತ್ತದೆ, ಅಂದರೆ ಇವೆರಡರ ಜಾಗ ಹಿಂದುಮುಂದು. ಸಿಸ್ಟಮ್ ಸೆಟ್ಟಿಂಗ್ಸ್ → ಕೀಬೋರ್ಡ್ → ಕೀಬೋರ್ಡ್ ಶಾರ್ಟ್‌ಕಟ್ಸ್ → ಮಾಡಿಫೈಯರ್ ಕೀಸ್‌ಗೆ ಹೋಗಿ, ಮೇಲೆ ಆ ಕೀಬೋರ್ಡನ್ನೇ ಆರಿಸಿ, ಈ ಎರಡನ್ನು ಮಾತ್ರ ಬದಲಿಸಿ.

ಉತ್ತರ 2

ಕ್ಯಾಟಲಾಗ್ ವಿಷಯ. ಆ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇರಬೇಕು. ಮ್ಯಾಕ್ ಅದನ್ನು ಓದುತ್ತದೆ, ಅದರಲ್ಲಿ ಬರೆಯುವುದಿಲ್ಲ. ಲೈಟ್‌ರೂಮ್‌ಗೋ ಕ್ಯಾಟಲಾಗ್ ತೆರೆದ ಕೂಡಲೇ ಪಕ್ಕದಲ್ಲಿ ಲಾಕ್ ಫೈಲ್ ಬರೆಯಬೇಕು, ಅಲ್ಲೇ ನಿಂತುಬಿಡುತ್ತದೆ. ದಯವಿಟ್ಟು ಡಿಸ್ಕ್ ಫಾರ್ಮ್ಯಾಟ್ ಮಾಡಲು ಹೋಗಬೇಡಿ, ಚಿತ್ರಗಳೆಲ್ಲ ಅಳಿಸಿಹೋಗುತ್ತವೆ.

ಕ್ಯಾಟಲಾಗ್ ಇರುವ ಫೋಲ್ಡರನ್ನು ಇಡಿಯಾಗಿ ಮ್ಯಾಕ್‌ನ ಒಳಗಿನ ಡಿಸ್ಕ್‌ಗೆ ಕಾಪಿ ಮಾಡಿ. ಕ್ಯಾಟಲಾಗ್‌ನ ಮುಖ್ಯ ಫೈಲ್ ಆದ ಎಲ್‌ಆರ್‌ಕ್ಯಾಟ್ ಒಂದನ್ನೇ ತಂದರೆ ಸಾಲದು. ಪಕ್ಕದಲ್ಲಿ ‘ಎಲ್‌ಆರ್‌ಕ್ಯಾಟ್-ಡೇಟಾ’ ಎಂದು ಕೊನೆಯಾಗುವ ಫೋಲ್ಡರ್ ಇದ್ದರೆ ಅದೂ ಬೇಕು, ಎಐ ಮಾಸ್ಕ್‌ಗಳ ಮಾಹಿತಿ ಅದರಲ್ಲಿರುತ್ತದೆ. ಪ್ರಿವ್ಯೂಗಳು ಬರದಿದ್ದರೂ ಚಿಂತೆಯಿಲ್ಲ, ಮತ್ತೆ ತಯಾರಾಗುತ್ತವೆ.

ತೆರೆದಾಗ ಫೋಲ್ಡರ್‌ಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಡಿ ಡ್ರೈವ್ ಎಂಬ ವಿಳಾಸ ಮ್ಯಾಕ್‌ನಲ್ಲಿ ಇಲ್ಲದ ಕಾರಣ ಅದು ಸಹಜ. ಒಂದೊಂದನ್ನೇ ಸರಿಪಡಿಸುತ್ತ ಕೂರಬೇಡಿ. ‘ಶೋ ಪೇರೆಂಟ್ ಫೋಲ್ಡರ್’ ಒತ್ತಿ ಎಲ್ಲಕ್ಕಿಂತ ಮೇಲಿನ ಫೋಲ್ಡರ್ ತನಕ ಹೋಗಿ, ಅಲ್ಲಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಕೊಟ್ಟು ಹೊಸ ಜಾಗ ತೋರಿಸಿ. ಒಳಗಿನ ಜೋಡಣೆ ಮೊದಲಿನಂತೆಯೇ ಇದ್ದರೆ ಕೆಳಗಿನವೆಲ್ಲ ತಾವಾಗಿ ಕೂಡಿಕೊಳ್ಳುತ್ತವೆ. ಫೈಂಡರ್‌ನಲ್ಲಿ ಹೆಸರು ಬದಲಿಸುವುದು, ಫೋಲ್ಡರ್ ಸರಿಸುವುದು ಇದಾದ ಮೇಲೆ ಕೂಡ ಬೇಡ, ಲೈಟ್‌ರೂಮ್ ಒಳಗಿನಿಂದಲೇ ಮಾಡಿ.

ಪ್ರಶ್ನೆ ಕೇಳಿದವರು

ಕ್ಯಾಟಲಾಗ್ ತೆರೆಯಿತು, ಸ್ಪೇಸ್ ಮೊದಲು ಒತ್ತಿದರೆ ಝೂಮ್ ಕೂಡ ಆಗುತ್ತಿದೆ. ಹಳೆಯ ಪ್ಲಗ್‌ಇನ್, ಬ್ರಷ್‌ಗಳನ್ನು ಹಾಗೇ ತರಬಹುದೇ?

ಉತ್ತರ 3

ಬ್ರಷ್ ಮತ್ತು ಆ್ಯಕ್ಷನ್ ಫೈಲ್‌ಗಳು ಎರಡೂ ಕಡೆ ಒಂದೇ, ಹಾಗೇ ಲೋಡ್ ಮಾಡಿ. ಪ್ಲಗ್‌ಇನ್ ಆಗುವುದಿಲ್ಲ, ತಯಾರಕರಿಂದ ಮ್ಯಾಕ್ ಆವೃತ್ತಿಯನ್ನೇ ಹಾಕಿಕೊಳ್ಳಬೇಕು.

ಬಣ್ಣದ ವಿಚಾರಕ್ಕೆ ಬಂದರೆ, ಮೊದಲು ಡಿಸ್‌ಪ್ಲೇಸ್ ಸೆಟ್ಟಿಂಗ್‌ನಲ್ಲಿ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿ. ಟ್ರೂ ಟೋನ್ ಕೋಣೆಯ ಬೆಳಕಿಗೆ ತಕ್ಕಂತೆ ಸ್ಕ್ರೀನ್‌ನ ಬಿಳುಪನ್ನು ಬದಲಿಸುತ್ತದೆ. ಹಳದಿ ದೀಪದಡಿ ಕೂತು ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಚಿತ್ರ ನೀಲಿಗೆ ವಾಲುತ್ತದೆ. ಆಮೇಲೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕಲರ್ ಸ್ಪೇಸ್, ಅಂದರೆ ಚಿತ್ರದ ಬಣ್ಣಗಳ ವ್ಯಾಪ್ತಿ, ನೋಡಿ. ಅಡೋಬಿ ಆರ್‌ಜಿಬಿ ಅಥವಾ ಪ್ರೊಫೋಟೋ ಇದ್ದರೆ, ಚಿತ್ರದ ಜೊತೆಗಿರುವ ಬಣ್ಣದ ಪ್ರೊಫೈಲ್ ಓದದ ಆ್ಯಪ್‌ಗಳಲ್ಲಿ ಮಂಕಾಗುವುದು ಅದರಿಂದಲೇ. ಎಸ್‌ಆರ್‌ಜಿಬಿ ಇಡಿ. ಮ್ಯಾಕ್ ಸ್ಕ್ರೀನ್ ಎಸ್‌ಆರ್‌ಜಿಬಿಗಿಂತ ವಿಸ್ತಾರವಾದ ಪಿ3 ಬಣ್ಣಗಳನ್ನು ತೋರಿಸುವಂಥದ್ದಾದರೆ, ಅಲ್ಲಿ ಕಾಣುವ ಗಾಢ ಕೆಂಪು, ಹಸಿರು ಎಸ್‌ಆರ್‌ಜಿಬಿಯಲ್ಲಿ ಅಷ್ಟೇ ತೀಕ್ಷ್ಣವಾಗಿ ಬರುವುದಿಲ್ಲ. ಡೆವಲಪ್‌ನಲ್ಲಿ ಎಸ್ ಕೀ ಒತ್ತಿ ಸಾಫ್ಟ್ ಪ್ರೂಫಿಂಗ್‌ನಲ್ಲಿ ಎಸ್‌ಆರ್‌ಜಿಬಿ ಆರಿಸಿದರೆ ಆ ವ್ಯತ್ಯಾಸ ಎಕ್ಸ್‌ಪೋರ್ಟ್‌ಗೆ ಮೊದಲೇ ಕಣ್ಣಿಗೆ ಬೀಳುತ್ತದೆ.