ಓವನ್ ಇಲ್ಲದೆ ಸ್ಟ್ರಾಬೆರಿ ಲೇಯರ್ ಡೆಸರ್ಟ್: ಮೇ ತಿಂಗಳ ಸೆಕೆಗೆ ನೀರು ಬಿಡದ ಹಾಗೆ ಮಾಡೋದು ಹೇಗೆ?

ಮಹಡಿಮನೆ ಕೇಳಿದ್ದು:

ಮೇ ಎರಡನೇ ಶನಿವಾರ ಸಂಜೆ ಬೆಂಗಳೂರಿನ ಮನೆಯ ಟೆರೇಸ್ ಮೇಲೆ 24 ಜನಕ್ಕೆ ಊಟ. ಕೊನೆಗೆ ಬಿಸ್ಕತ್ತು, ಕ್ರೀಮ್, ಸ್ಟ್ರಾಬೆರಿ ಪದರ ಪದರವಾಗಿ ಹಾಕಿ ಫ್ರಿಜ್‌ನಲ್ಲಿಟ್ಟು ಸೆಟ್ ಮಾಡೋ ಡೆಸರ್ಟ್ ಕೊಡಬೇಕು ಅಂತಿದೆ. ಓವನ್ ಇಲ್ಲ. ಮೊಟ್ಟೆ ಬೇಡ, ಜೆಲಟಿನ್ ಬೇಡ. 9 × 13 ಇಂಚಿನ, 2 ಇಂಚು ಆಳದ ಗಾಜಿನ ಟ್ರೇ ಇದೆ, ಹ್ಯಾಂಡ್ ಬೀಟರ್ ಇದೆ.

ನನ್ನ ಪ್ರಶ್ನೆಗಳು ಇಷ್ಟು. ಮೇ ತಿಂಗಳಲ್ಲಿ ತಾಜಾ ಸ್ಟ್ರಾಬೆರಿಗೆ ಕಾಯಬೇಕಾ, ಫ್ರೋಜನ್ ತಂದರೆ ಸಾಕಾ? ಅಂಗಡಿಯಲ್ಲಿ ಸುಲಭವಾಗಿ ಸಿಗೋ ಫ್ರೆಶ್ ಕ್ರೀಮ್ ಆಗುತ್ತಾ? ಮತ್ತೆ ಟ್ರೇ ಹೊರಗೆ ತೆಗೆದ ಅರ್ಧ ಗಂಟೆಗೇ ತಳದಲ್ಲಿ ಗುಲಾಬಿ ನೀರು ನಿಲ್ಲಬಾರದು ಅಂದರೆ ಏನು ಮಾಡಬೇಕು?

ಉಪ್ಪುಸಾರು ಉತ್ತರ:

ಮೂರನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಅದು ಸರಿಹೋದರೆ ಉಳಿದದ್ದು ಸುಲಭ.

ಆ ನೀರು ಎಲ್ಲಿಂದ ಬರುತ್ತೆ ಅಂದರೆ, ಮುಕ್ಕಾಲುಪಾಲು ಹಣ್ಣಿಂದ, ಉಳಿದದ್ದು ಸರಿಯಾಗಿ ಬಸಿಯದ ಮೊಸರಿಂದ. ಹಣ್ಣು ಫ್ರೀಜ್ ಆಗುವಾಗ ಒಳಗಿನ ನೀರು ಮಂಜಿನ ಹರಳಾಗಿ ಹಣ್ಣಿನ ಕೋಶಗಳನ್ನು ಹರಿದು ಹಾಕುತ್ತೆ. ಕರಗಿಸಿದಾಗ ರಸ ಹಿಡಿದಿಡೋಕೆ ಏನೂ ಉಳಿದಿರಲ್ಲ. ಹಾಗಾಗಿ ಫ್ರೋಜನ್ ಹಣ್ಣನ್ನು ಹಸಿಯಾಗಿ ಪದರಕ್ಕೆ ಹಾಕಲೇಬಾರದು. ತಾಜಾ ಹಣ್ಣಾದರೂ ಹೆಚ್ಚಿ ಸಕ್ಕರೆ ಉದುರಿಸಿಟ್ಟರೆ ಅದೇ ಕಥೆ, ಸಕ್ಕರೆ ಕಾಲು ಗಂಟೆಯಲ್ಲಿ ರಸ ಎಳೆದುಬಿಡುತ್ತೆ.

ಹಣ್ಣಿನ ಪದರ: 1 ಕೆಜಿ ಫ್ರೋಜನ್ ಸ್ಟ್ರಾಬೆರಿಯನ್ನು ಹಿಂದಿನ ರಾತ್ರಿ ಜರಡಿಯಲ್ಲಿ ಹಾಕಿ, ಕೆಳಗೆ ಪಾತ್ರೆ ಇಟ್ಟು ಫ್ರಿಜ್ ಒಳಗೇ ಕರಗಲು ಬಿಡಿ. ಬೆಳಿಗ್ಗೆ ಕೆಳಗೆ ಸುಮಾರು 300 ಎಂಎಲ್ ರಸ ಇರುತ್ತೆ. ಮೊದಲು ಬರೀ ರಸಕ್ಕೆ 150 ಗ್ರಾಂ ಸಕ್ಕರೆ ಹಾಕಿ ಅಗಲ ಬಾಣಲೆಯಲ್ಲಿ ಅರ್ಧಕ್ಕಿಂತ ಕಡಿಮೆ ಆಗೋವರೆಗೆ ಕುದಿಸಿ. ಆಮೇಲೆ ಹಣ್ಣು ಹಾಕಿ 5–6 ನಿಮಿಷ. ಎಲ್ಲಾ ಒಟ್ಟಿಗೆ ಹಾಕಿ ಕುದಿಸಿದರೆ ರಸ ಇಂಗುವಷ್ಟರಲ್ಲಿ ಹಣ್ಣು ಕರಗಿ ಜಾಮ್ ಆಗಿಬಿಡುತ್ತೆ, ಬಾಯಿಗೆ ಚೂರು ಸಿಗಲ್ಲ. ಕೊನೆಗೆ ಒಂದೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರ್ ಅನ್ನು 3 ಚಮಚ ತಣ್ಣೀರಲ್ಲಿ ಕದಡಿ ಹಾಕಿ, ಒಂದು ನಿಮಿಷ ಚೆನ್ನಾಗಿ ಕುದಿ ಬರಿಸಿ. ಸ್ಟೌವ್ ಆರಿಸಿದ ಮೇಲೆ 1 ಚಮಚ ನಿಂಬೆರಸ, ಚಿಟಿಕೆ ಉಪ್ಪು. ನಿಂಬೆರಸ ಮೊದಲೇ ಹಾಕಿ ಕುದಿಸುತ್ತಾ ಹೋದರೆ ಕಾರ್ನ್‌ಫ್ಲೋರ್‌ನ ಬಿಗಿ ಸಡಿಲಾಗುತ್ತೆ.

ಪರೀಕ್ಷೆ ಹೀಗೆ: ಒಂದು ತಟ್ಟೆ ಫ್ರೀಜರ್‌ನಲ್ಲಿಟ್ಟಿರಿ. ಅದರ ಮೇಲೆ ಒಂದು ಚಮಚ ಹಾಕಿ ನಿಮಿಷ ಬಿಟ್ಟು ಬೆರಳಲ್ಲಿ ನಡುವೆ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತು, ತಟ್ಟೆ ಓರೆ ಮಾಡಿದಾಗ ಅಂಚಿಂದ ತೆಳು ನೀರು ಇಳಿಯದಿದ್ದರೆ ಆಯಿತು. ಇಳಿದರೆ ಇನ್ನೆರಡು ನಿಮಿಷ ಬೇಯಿಸಿ.

ಕ್ರೀಮ್ ಪದರ: 500 ಎಂಎಲ್ ವಿಪ್ಪಿಂಗ್ ಕ್ರೀಮ್, 500 ಗ್ರಾಂ ಕಟ್ಟಿದ ಮೊಸರು, 120 ಗ್ರಾಂ ಸಕ್ಕರೆ ಪುಡಿ, ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ (ಹಳದಿ ಭಾಗ ಮಾತ್ರ). ಮೊಸರನ್ನು ಶ್ರೀಖಂಡಕ್ಕೆ ಕಟ್ಟೋ ಹಾಗೇ ಬಟ್ಟೆಯಲ್ಲಿ ಕಟ್ಟಿ, ಆದರೆ ಈ ಸೆಕೆಗೆ ನಲ್ಲಿಗೆ ನೇತುಹಾಕಬೇಡಿ, ಹುಳಿ ಬರುತ್ತೆ. ಜರಡಿ ಮೇಲಿಟ್ಟು ಫ್ರಿಜ್ ಒಳಗೆ 10–12 ಗಂಟೆ ಬಿಡಿ. 1 ಕೆಜಿಗೆ 400–450 ಗ್ರಾಂ ಸಿಗುತ್ತೆ, ಅಂದರೆ 1.2 ಕೆಜಿ ಗಟ್ಟಿ ಮೊಸರು ತನ್ನಿ.

ಜೋಡಿಸೋದು: ತಳಕ್ಕೆ ಎರಡು ಚಮಚ ಕ್ರೀಮ್ ಸವರಿ, ಇಲ್ಲದಿದ್ದರೆ ಬಿಸ್ಕತ್ತು ಜಾರುತ್ತೆ. ಮಾರಿ ಬಿಸ್ಕತ್ತು ಒಂದು ಪದರ, ಸಂದಿಗಳಿಗೆ ಮುರಿದ ಚೂರು. ಮೇಲೆ ಕ್ರೀಮ್, ಅದರ ಮೇಲೆ ಹಣ್ಣು. ಮತ್ತೆ ತೆಳ್ಳಗೆ ಕ್ರೀಮ್, ಬಿಸ್ಕತ್ತು. ಮೂರು ಬಿಸ್ಕತ್ತಿನ ಪದರ, ನಡುವೆ ಎರಡು ಹಣ್ಣಿನ ಪದರ, ತುದಿಗೆ ಬರೀ ಕ್ರೀಮ್. ಒಟ್ಟು 400 ಗ್ರಾಂ ಬಿಸ್ಕತ್ತು ಬೇಕು. ಹಣ್ಣು ಬಿಸ್ಕತ್ತಿಗೆ ನೇರ ತಾಗಬಾರದು, ಎರಡರ ಮಧ್ಯೆ ಯಾವಾಗಲೂ ಕ್ರೀಮ್ ಇರಲಿ. ಟ್ರೇ ಅಂಚಿಂದ ಒಂದು ಬೆರಳು ಬಿಟ್ಟು ಹಣ್ಣು ಹರಡಿ.

ಬಿಸ್ಕತ್ತನ್ನು ಹಾಲಲ್ಲಿ ಅದ್ದಬೇಡಿ. ರಾತ್ರಿಯಿಡೀ, ಕಡಿಮೆ ಅಂದರೂ 8 ಗಂಟೆ ಫ್ರಿಜ್‌ನಲ್ಲಿದ್ದರೆ ಕ್ರೀಮಿನ ತೇವದಿಂದಲೇ ಕೇಕಿನಷ್ಟು ಮೆತ್ತಗಾಗುತ್ತೆ. ಗ್ಲೂಕೋಸ್ ಬಿಸ್ಕತ್ತು ಬೇಡ, ಬೇಗ ಹಿಟ್ಟಾಗುತ್ತೆ, ಸಿಹಿಯೂ ಹೆಚ್ಚು.

ಬೆಣ್ಣೆಮುದ್ದೆ ಉತ್ತರ:

ಉಪ್ಪುಸಾರು ಅವರು ಕ್ರೀಮ್ ಬಗ್ಗೆ ಬೇಗ ಮುಗಿಸಿಬಿಟ್ಟರು. ಮಹಡಿಮನೆ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಆಗಲ್ಲ. ಅಂಗಡಿಯಲ್ಲಿ ಸಿಗೋ ಅಮೂಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು 25%. ಬೀಟ್ ಮಾಡಿದಾಗ ಒಳಗೆ ಸೇರುವ ಗಾಳಿಗುಳ್ಳೆಗಳ ಸುತ್ತ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಗೋಡೆ ಕಟ್ಟಬೇಕು. ಅದಕ್ಕೆ ಕನಿಷ್ಠ 30% ಬೇಕು, 35% ಇದ್ದರೆ ನಿಶ್ಚಿಂತೆ. 25%ದ್ದು ಗ್ರೇವಿಗೆ ಚೆನ್ನ, ಇಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಸಾರಿನ ಹಾಗೇ ಇರುತ್ತೆ.

ಪ್ಯಾಕೆಟ್ ಹಿಂದಿನ ದಿನವೇ ಫ್ರಿಜ್‌ಗೆ ಹೋಗಲಿ. ಸ್ಟೀಲ್ ಪಾತ್ರೆ, ಬೀಟರ್ ಕಡ್ಡಿ 15 ನಿಮಿಷ ಫ್ರೀಜರ್‌ಗೆ. ಮೇ ತಿಂಗಳ ಅಡುಗೆಮನೆ 30 ಡಿಗ್ರಿ ದಾಟಿರುತ್ತೆ, ಆದ್ದರಿಂದ ಪಾತ್ರೆಯನ್ನು ಐಸ್ ನೀರಿನ ಮೇಲಿಟ್ಟೇ ಬೀಟ್ ಮಾಡಿ. ಮೊದಲು ನಿಧಾನ ಸ್ಪೀಡ್, ಗೆರೆ ಬೀಳೋಕೆ ಶುರುವಾದಾಗ ಸಕ್ಕರೆ ಪುಡಿ, ಆಮೇಲೆ ಮಧ್ಯಮ. ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತು ಕೊನೆಯಲ್ಲಿ ಸ್ವಲ್ಪ ಬಾಗಬೇಕು. ಅಲ್ಲಿಗೆ ನಿಲ್ಲಿಸಿ. ಮೇಲ್ಮೈ ತರಿತರಿ, ಹಳದಿ ಬಣ್ಣ ಬಂತೆಂದರೆ ಬೆಣ್ಣೆಯ ಹಾದಿ ಹಿಡಿದಿದೆ. ಆಗಷ್ಟೇ ಶುರುವಾಗಿದ್ದರೆ 2–3 ಚಮಚ ತಣ್ಣನೆಯ ಕ್ರೀಮ್ ಹಾಕಿ ಕೈಯಲ್ಲಿ ಮೆಲ್ಲಗೆ ಕಲಸಿದರೆ ವಾಪಸ್ ಬರುತ್ತೆ. ಮಿಕ್ಸಿಯಲ್ಲಿ ಮಾತ್ರ ಪ್ರಯೋಗ ಬೇಡ, ಜಾರ್ ಬಿಸಿಯಾಗಿ ಕ್ಷಣದಲ್ಲಿ ಒಡೆಯುತ್ತೆ.

ಟೆರೇಸ್ ಮೇಲೆ ನಿಲ್ಲಬೇಕಾದರೆ ಅಗರ್ ಅಗರ್ ಹಾಕಿ, ಅದೇ ಚೈನಾ ಗ್ರಾಸ್. ಪಾಚಿಯಿಂದ ಮಾಡಿದ್ದು, ಸಸ್ಯಾಹಾರ. ಜೆಲಟಿನ್ ಸುಮಾರು 30–35 ಡಿಗ್ರಿಗೇ ಕರಗುತ್ತೆ, ಬೆಂಗಳೂರಿನ ಮೇ ತಿಂಗಳಿಗೆ ಹೇಗೂ ಅದು ಸಲ್ಲದು. ಅಗರ್ 40ರ ಆಸುಪಾಸಿನಲ್ಲಿ ಗಟ್ಟಿಯಾಗುತ್ತೆ, ಮತ್ತೆ ಕರಗಲು 85 ಡಿಗ್ರಿ ಬೇಕು. ಆದರೆ ಇದೇ ಗುಣ ತಲೆನೋವೂ ಹೌದು: ಫ್ರಿಜ್‌ನಿಂದ ಆಗ ತೆಗೆದ ಮೊಸರಿಗೆ ಸುರಿದರೆ ಬಿದ್ದಲ್ಲೇ ಹೆಪ್ಪುಗಟ್ಟಿ ಶಾವಿಗೆ ಎಳೆಗಳಾಗುತ್ತೆ, ಆಮೇಲೆ ಜರಡಿ ಹಿಡಿಯೋದೊಂದೇ ದಾರಿ.

ಕ್ರಮ: ಕಟ್ಟಿದ ಮೊಸರು ಅರ್ಧ ಗಂಟೆ ಮೊದಲೇ ಹೊರಗಿರಲಿ. 150 ಎಂಎಲ್ ನೀರಿಗೆ 3 ಗ್ರಾಂ ಅಗರ್ ಪುಡಿ (ಸುಮಾರು ಒಂದು ಟೀ ಚಮಚ) ಹಾಕಿ ಕಲಕುತ್ತಾ 2–3 ನಿಮಿಷ ನಿಜವಾಗಿ ಕುದಿಸಿ. ಬರೀ ಬಿಸಿ ಮಾಡಿದರೆ ಕರಗಲ್ಲ. ಉಗುರುಬೆಚ್ಚಗಿಂತ ಬಿಸಿ ಇರುವಾಗಲೇ ನಾಲ್ಕು ಚಮಚ ಮೊಸರನ್ನು ಅಗರ್‌ಗೆ ಬೆರೆಸಿ, ಅದನ್ನು ಉಳಿದ ಮೊಸರಿಗೆ ವಿಸ್ಕ್ ಆಡಿಸುತ್ತಾ ಹಾಕಿ. ತಡಮಾಡದೆ ಬೀಟ್ ಮಾಡಿದ ಕ್ರೀಮ್ ಅನ್ನು ಮೂರು ಸಲಕ್ಕೆ ಚಪ್ಪಟೆ ಸೌಟಲ್ಲಿ ತಳದಿಂದ ಮೇಲಕ್ಕೆ ಮಗುಚಿ ಸೇರಿಸಿ. ಬೀಟರ್ ಇಲ್ಲಿ ಮುಟ್ಟಬೇಡಿ.

ಮಾವಿನತೋಪು ಉತ್ತರ:

ಇಷ್ಟೆಲ್ಲಾ ಯಾಕೆ? ನಾನ್ ಡೈರಿ ವಿಪ್ಪಿಂಗ್ ಕ್ರೀಮ್ ತಂದರೆ ಬಿಸಿಲಿಗೆ ಜಗ್ಗಲ್ಲ, ಅಗರ್ ಬೇಡ, ಬೆಲೆಯೂ ಕಡಿಮೆ. ಬೇಕರಿಯವರೆಲ್ಲ ಅದನ್ನೇ ಹಾಕೋದು.

ಬೆಣ್ಣೆಮುದ್ದೆ ಉತ್ತರ:

ನಿಲ್ಲೋದು ನಿಜ, ಅಲ್ಲಗಳೆಯಲ್ಲ. ಅದರ ಕೊಬ್ಬು ಸಾಮಾನ್ಯವಾಗಿ ತಾಳೆ ಜಾತಿಯ ಎಣ್ಣೆಯದು, ಬಾಯಲ್ಲಿ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದ ಹಾಗೆ ಹತ್ತುತ್ತೆ. ಹುಳಿ ಮೊಸರು, ಸ್ಟ್ರಾಬೆರಿ ಜೊತೆ ಇನ್ನೂ ಎದ್ದು ಕಾಣುತ್ತೆ. ಬೇಕಿದ್ದರೆ ಮೇಲಿನ ಅಲಂಕಾರದ ಪದರಕ್ಕೆ ಮಾತ್ರ ಹಾಕಿ. ಒಳಗೂ ಹಾಕೋದಾದರೆ ಕ್ರೀಮ್ ಪದರಕ್ಕೆ ಹೇಳಿದ 120 ಗ್ರಾಂ ಸಕ್ಕರೆ ಪುಡಿ ಬಿಟ್ಟುಬಿಡಿ, ಅದರಲ್ಲಿ ಮೊದಲೇ ಸಕ್ಕರೆ ಇರುತ್ತೆ.

ಹಿಪ್ಪುನೇರಳೆ ಉತ್ತರ:

ತಾಜಾ ಹಣ್ಣಾ, ಫ್ರೋಜನ್ನಾ ಅನ್ನೋ ಮೊದಲ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ನಮಗೆ ಬರೋ ಸ್ಟ್ರಾಬೆರಿ ಹೆಚ್ಚಿನದು ಮಹಾಬಲೇಶ್ವರ–ಪಂಚಗಣಿ ಕಡೆಯದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚೆನ್ನಾಗಿರುತ್ತೆ. ಮೇನಲ್ಲಿ ಸಿಗೋ ತಾಜಾ ಡಬ್ಬಿ ದುಬಾರಿ, ತೊಟ್ಟಿನ ಸುತ್ತ ಬಿಳಿ, ಒಳಗೆ ಪರಿಮಳವಿಲ್ಲ. ಫ್ರೋಜನ್ ಹಣ್ಣು ಪೂರ್ತಿ ಮಾಗಿದ ಮೇಲೆ ಕಿತ್ತದ್ದಾದ್ದರಿಂದ ಬೇಯಿಸೋಕೆ ಅದೇ ಮೇಲು. ಮುಂದಿನ ವರ್ಷಕ್ಕಾದರೆ ಫೆಬ್ರವರಿಯಲ್ಲೇ ತೊಟ್ಟು ತೆಗೆದು, ತೊಳೆದು, ಬಟ್ಟೆ ಮೇಲೆ ಒಣಗಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಫ್ರೀಜ್ ಮಾಡಿ ಆಮೇಲೆ ಚೀಲಕ್ಕೆ ತುಂಬಿ.

ಹಿಪ್ಪುನೇರಳೆ ಹಣ್ಣು ಸಿಕ್ಕರೆ ಖಂಡಿತ ಹಾಕಿ, ರೇಷ್ಮೆ ನಾಡಲ್ಲಿ ಕೂತು ನಾವದನ್ನು ಮರೆತಿದ್ದೇವೆ. ಹುಳಿ ಕಡಿಮೆ, ಆದ್ದರಿಂದ ನಿಂಬೆರಸ ದುಪ್ಪಟ್ಟು, ಸಕ್ಕರೆ 100 ಗ್ರಾಂ ಸಾಕು. ಹಸಿರು ತೊಟ್ಟನ್ನು ಒಂದೊಂದಾಗಿ ಕತ್ತರಿಯಲ್ಲಿ ಕತ್ತರಿಸಬೇಕು, ಎಳೆದರೆ ಹಣ್ಣೇ ಹರಿಯುತ್ತೆ. ಕೈ ಎರಡು ದಿನ ನೇರಳೆ ಬಣ್ಣ. ನೇರಳೆ ಹಣ್ಣು ಮಾತ್ರ ಇದಕ್ಕೆ ಬೇಡ, ಅದರ ಒಗರು ಕ್ರೀಮಿಗೆ ಹೊಂದಲ್ಲ.

ಡಬ್ಬಿಯಲ್ಲಿ ಬರೋ ಬ್ಲೂಬೆರಿ ಫಿಲ್ಲಿಂಗ್ ಬಳಸೋದಾದರೆ ಬೇಯಿಸೋ ಕೆಲಸವಿಲ್ಲ, ನಿಂಬೆರಸ ಹಿಂಡಿ ತೆಳ್ಳಗೆ ಹರಡಿ. ಬಹಳ ಸಿಹಿ.

ಮಹಡಿಮನೆ ಉತ್ತರ:

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹ: ಗುರುವಾರವೇ ಮಾಡಿ ಫ್ರೀಜರ್‌ನಲ್ಲಿಡಬಹುದಾ? ಟೆರೇಸ್ ಮೇಲೆ ಎಷ್ಟು ಹೊತ್ತು ಇಡಬಹುದು?

ಡಲ್ಲಾಸ್ ಕನ್ನಡತಿ ಉತ್ತರ:

ಇಲ್ಲಿ ಅಮೆರಿಕದಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನದ ಪಿಕ್‌ನಿಕ್‌ಗಳಲ್ಲಿ ಇದೇ ಡೆಸರ್ಟ್, ಮಾರಿ ಬದಲು ಗ್ರಹಾಂ ಕ್ರ್ಯಾಕರ್, ಸ್ಟ್ರಾಬೆರಿ ಜೊತೆ ಬ್ಲೂಬೆರಿ. ನಮಗೆ ಕ್ರೀಮಿನ ಕಷ್ಟವಿಲ್ಲ, ಹೆವಿ ಕ್ರೀಮ್ ಅಂದರೆ 36% ಕೊಬ್ಬು ಇರಲೇಬೇಕು ಅನ್ನೋ ನಿಯಮವಿದೆ. ಹೊರಗಿಡೋ ವಿಷಯದಲ್ಲಿ ಅಮೆರಿಕದ ಕೃಷಿ ಇಲಾಖೆ ಹೇಳೋದು: ಹಾಲಿನ ಪದಾರ್ಥ ಫ್ರಿಜ್ ಹೊರಗೆ ಒಟ್ಟು 2 ಗಂಟೆ, ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ಅಗರ್ ಹಾಕಿದ್ದು ನೋಡೋಕೆ ನೆಟ್ಟಗೇ ನಿಂತಿರುತ್ತೆ, ಹಾಗಂತ ಒಳಗೆ ಕೆಟ್ಟಿಲ್ಲ ಅಂತಲ್ಲ.

ಉಪ್ಪುಸಾರು ಉತ್ತರ:

ಗುರುವಾರ ಹಣ್ಣು ಬೇಯಿಸಿ ಫ್ರಿಜ್‌ನಲ್ಲಿಡಿ, ಮೊಸರು ಕಟ್ಟಿ. ಜೋಡಿಸೋದು ಶುಕ್ರವಾರ ರಾತ್ರಿ. ಪೂರ್ತಿ ಫ್ರೀಜ್ ಮಾಡಬೇಡಿ: ಕಾರ್ನ್‌ಫ್ಲೋರ್, ಅಗರ್ ಎರಡೂ ಫ್ರೀಜ್ ಆಗಿ ಕರಗಿದರೆ ಹಿಡಿದ ನೀರನ್ನು ಕಕ್ಕುತ್ತವೆ, ನೀವು ಹೆದರುತ್ತಿದ್ದ ಗುಲಾಬಿ ನೀರು ಅದೇ. ಬಡಿಸೋ ಮುಂಚೆ 30–40 ನಿಮಿಷ ಫ್ರೀಜರ್‌ನಲ್ಲಿಟ್ಟರೆ ತೊಂದರೆಯಿಲ್ಲ, ಕತ್ತರಿಸೋಕೂ ಸುಲಭ. ಗಾಜಿನ ಟ್ರೇ ತಣ್ಣಗಿರುವಾಗ ಬಿಸಿ ಕಲ್ಲಿನ ಕಟ್ಟೆ ಮೇಲೆ ನೇರ ಇಡಬೇಡಿ, ಕೆಳಗೆ ದಪ್ಪ ಟವೆಲ್ ಹಾಸಿ.

ಚಾಕು ಬಿಸಿನೀರಲ್ಲಿ ಅದ್ದಿ, ಒರೆಸಿ, ಪ್ರತಿ ಗೆರೆಗೂ ಹಾಗೇ. ಉದ್ದಕ್ಕೆ 6, ಅಗಲಕ್ಕೆ 4, ಸರಿಯಾಗಿ 24 ತುಂಡು. ಮೊದಲ ತುಂಡು ಯಾವತ್ತೂ ಮುರಿಯುತ್ತೆ, ಅದನ್ನು ಮನೆಯವರಿಗೆ ಕೊಡಿ. ಮೇಲೆ ತಾಜಾ ಹಣ್ಣು ಇಡೋ ಆಸೆಯಿದ್ದರೆ ಕತ್ತರಿಸಿದ ಮೇಲೆ, ತಟ್ಟೆಗೆ ಹಾಕಿದ ಮೇಲೆ.

ಮತ್ತೆ ಶನಿವಾರ ಮಧ್ಯಾಹ್ನ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆದು ತೆಗೆದು ನೋಡಬೇಡಿ, ಮುಚ್ಚಿದ್ದರೆ ಸುಮಾರು 4 ಗಂಟೆ ತಣ್ಣಗಿರುತ್ತೆ.